ಯಾರು ಎಂದ ಮೇಲೆ ಅರ್ಧ ಉಸಿರು

ಶ್ರೀರಾಂಪುರದ ನಮ್ಮ ಬಡಾವಣೆಯಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಪುರೋಹಿತರಿಗಿಂತ ಮೊದಲು ಫೋನ್ ಮಾಡುವುದು ಪ್ರಚಾರದ ಚಿಕ್ಕಣ್ಣನಿಗೆ. ಆಟೋದ ನೆತ್ತಿಯ ಮೇಲೆ ಎರಡು ಹಾರ್ನ್ ಸ್ಪೀಕರು, ಹಿಂದಿನ ಸೀಟಿನಲ್ಲಿ ಕರ್ಚೀಫು ಸುತ್ತಿದ ಮೈಕು ಹಿಡಿದ ಚಿಕ್ಕಣ್ಣ, ಮುಂದೆ ಹ್ಯಾಂಡಲ್ ಹಿಡಿದ ಪ್ಯಾರೇಜಾನ್. ಇಪ್ಪತ್ತಾರು ವರ್ಷದಿಂದ ಇದೇ ಜೋಡಿ. ಸಾವು, ಸೀರೆ ಸೇಲು, ಕಣ್ಣಿನ ಉಚಿತ ತಪಾಸಣೆ, ನಾಳೆ ನಲ್ಲಿ ನೀರು ಬರುವುದಿಲ್ಲ, ಬಿಳಿ ನಾಯಿಮರಿ ಕಳೆದಿದೆ, ಇವರಿಗೇ ಮತ ಕೊಡಿ, ಹೀಗೆ ನಮ್ಮ ಸುಖದುಃಖವೆಲ್ಲ ಅವನ ಬಾಯಿಂದಲೇ ಬಂದು ನಮಗೆ ಗೊತ್ತಾಗಬೇಕು.

ಚಿಕ್ಕಣ್ಣ ಬನ್ನೂರು ಕಡೆಯ ಹಳ್ಳಿಯ ಬೇಸಾಯದ ಮನೆಯವನು. ವಯಸ್ಸಿನಲ್ಲಿ ಊರ ನಾಟಕದಲ್ಲಿ ಪಾರ್ಟು ಕೇಳಿದರೆ, ಆಳು ಸಣಕಲು, ಕಿರೀಟ ಇಟ್ಟರೆ ಕುತ್ತಿಗೆಗಿಳಿಯುತ್ತದೆ ಎಂದು ನಾಟಕದ ಮೇಷ್ಟ್ರು ಇವನನ್ನು ಪರದೆಯ ಹಿಂದೆ ನಿಲ್ಲಿಸಿ ಅಶರೀರವಾಣಿ ಮಾಡಿದರಂತೆ. ‘ಎಲೈ ಕಂಸನೇ’ ಎಂದು ಒಳಗಿನಿಂದ ಕೂಗಿದರೆ ಮುಂದೆ ಕೂತ ಮುದುಕಿಯರು ಆಕಾಶ ನೋಡಿ ಕೈ ಮುಗಿದರಂತೆ. ಆವತ್ತೇ ಅವನ ಹಣೆಬರಹ ತೀರ್ಮಾನವಾಯಿತು. ಮೈಸೂರಿಗೆ ಬಂದ, ಮೈಕು ಹಿಡಿದ.

ನನ್ನ ವಿಚಾರವನ್ನೂ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಸಮಾನತೆ, ಭ್ರಾತೃತ್ವ ಮುಂತಾದವನ್ನು ನಾಲ್ಕು ಅಂಕದ ಪ್ರಶ್ನೆಗೆ ತಕ್ಕಂತೆ ಎಂಟು ಸಾಲಿನಲ್ಲಿ ಈಗಲೂ ಒಪ್ಪಿಸಬಲ್ಲೆ. ಹೆಂಡತಿ ಮಾಲಾ. ನಮ್ಮ ಮನೆಯಲ್ಲಿ ಜಾತಿಗೀತಿ, ಧರ್ಮಗಿರ್ಮ ನೋಡುವ ಪದ್ಧತಿಯಿಲ್ಲ. ಪ್ಯಾರೇಜಾನ್ ಗೇಟಿಗೆ ಬಂದರೆ ಮಾಲಾ ಕಾಫಿ ಕೊಡದೆ ಕಳಿಸಿದ್ದಿಲ್ಲ. ಲೋಟ ಬೇರೆ ಇತ್ತು, ನಿಜ. ಅದು ಬರೀ ಅನುಕೂಲಕ್ಕೆ.

ಚಿಕ್ಕಣ್ಣನ ಕೆಲಸಕ್ಕೆ ಒಂದು ಕ್ರಮವಿತ್ತು. ಗಿರಾಕಿ ಚೀಟಿ ಬರೆದುಕೊಟ್ಟರೆ ಅವನು ಕಿವಿಯ ಮೇಲಿನ ಕೆಂಪು ಪೆನ್ಸಿಲ್ ತೆಗೆದು ಅಲ್ಲಲ್ಲಿ ಗೆರೆ ಎಳೆಯುತ್ತಿದ್ದ. ಒಂದು ಗೆರೆ ಎಂದರೆ ಅರ್ಧ ಉಸಿರು, ಎರಡು ಗೆರೆ ಎಂದರೆ ಪೂರ್ತಿ ಉಸಿರು. ಅರ್ಥ ಅವನ ಇಲಾಖೆಯಲ್ಲ. ಒಂದು ಚುನಾವಣೆಯಲ್ಲಿ ಬೆಳಿಗ್ಗೆ ಒಬ್ಬರನ್ನು ಬಡವರ ಬಂಧು ಎಂದು ಕೂಗಿ, ಊಟ ಮಾಡಿಕೊಂಡು ಬಂದು, ಮಧ್ಯಾಹ್ನ ಅವರನ್ನೇ ಬಡವರ ಶತ್ರು ಎಂದು ಅಷ್ಟೇ ಭಕ್ತಿಯಿಂದ ಕೂಗಿದ. ನಾನು ಗೇಟಿನಲ್ಲಿ ನಿಲ್ಲಿಸಿ ಕೇಳಿದೆ.

“ಅಲ್ಲಯ್ಯ, ಒಂದೇ ಬಾಯಲ್ಲಿ ಎರಡು ಮಾತಾ?”

“ಬಾಯಿ ನಂದು, ಮಾತು ಅವರದು ಮೇಷ್ಟ್ರೇ,” ಎಂದು ನಕ್ಕ. “ನಲ್ಲಿಗೆ ಯಾವ ಕೆರೆ ನೀರು ಅಂತ ಕೇಳ್ತೀರಾ?”

ನಾನೂ ನಕ್ಕೆ. ಆವತ್ತು ಆ ಮಾತು ಬಹಳ ಚೆನ್ನಾಗಿದೆ ಅನ್ನಿಸಿತ್ತು.

ಎದುರು ಮನೆಯ ಲಿಂಗಯ್ಯನವರ ಪ್ರಕರಣದಲ್ಲಿ ಮಾತ್ರ ಈ ಕ್ರಮ ಸ್ವಲ್ಪ ಎಡವಿತು. ಅವರ ಅಣ್ಣ ತೀರಿಕೊಂಡರು. ಲಿಂಗಯ್ಯ ಗಾಬರಿಯಲ್ಲಿ ಚೀಟಿಯ ತಲೆಗೆ ತಮ್ಮ ಹೆಸರು ಬರೆದು, ಅಣ್ಣನ ಹೆಸರನ್ನು ಕೆಳಗೆಲ್ಲೋ ತೂರಿಸಿದ್ದರು. ಚಿಕ್ಕಣ್ಣ ತಲೆಯ ಮೇಲಿದ್ದ ಹೆಸರಿನ ಮುಂದೆ ಒಂದು ಗೆರೆ ಎಳೆದು, “ಶ್ರೀ ಲಿಂಗಯ್ಯನವರು... ಇಂದು ನಮ್ಮನ್ನಗಲಿದ್ದಾರೆ” ಎಂದು ಆರು ಬೀದಿ ಸುತ್ತಿದ. ಲಿಂಗಯ್ಯ ಗೇಟಿನಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ಆಟೋ ಹತ್ತಿರ ಬಂದಾಗ, “ಚೆನ್ನಾಗಿ ಹೇಳ್ದೆ ಕಣಯ್ಯ, ನಂಗೇ ಕಣ್ಣಲ್ಲಿ ನೀರು ಬಂತು” ಎಂದರು.

ತಮಾಷೆ ಅದಲ್ಲ. ಅರ್ಧ ಗಂಟೆಯಲ್ಲಿ ಜನ ಹಾರ ಹಿಡಿದು ಬಂದರು. ಜಗಲಿಯ ಮೇಲೆ ಕೂತಿದ್ದ ಲಿಂಗಯ್ಯನವರನ್ನು ಕಣ್ಣಾರೆ ನೋಡಿಯೂ ಒಬ್ಬರು, “ತಮ್ಮ ಇರ್ಬೇಕು, ಅದೇ ಮುಖ, ಪಾಪ” ಎಂದು ಅವರಿಗೇ ಸಮಾಧಾನ ಹೇಳಿದರು. ತಾನು ಬದುಕಿದ್ದೇನೆ ಎಂದು ಬಡಾವಣೆಯನ್ನು ನಂಬಿಸಲು ಆ ಮನುಷ್ಯನಿಗೆ ಮೂರು ದಿನ ಹಿಡಿಯಿತು. ಚಿಕ್ಕಣ್ಣ ಹೇಳಿದ ಮೇಲೆ ನಮ್ಮ ಜನಕ್ಕೆ ತಮ್ಮ ಕಣ್ಣಿನ ಮೇಲೂ ಅನುಮಾನ.

ಇನ್ನು ಪ್ಯಾರೇಜಾನ್. ಎನ್.ಆರ್. ಮೊಹಲ್ಲಾದಲ್ಲಿ ಮನೆ. ಅವನ ಆಟೋ ಓಡಿಸುವ ವಿದ್ಯೆಯನ್ನು ನೋಡಿಯೇ ತಿಳಿಯಬೇಕು: ಚಿಕ್ಕಣ್ಣನ ಒಂದು ವಾಕ್ಯ ಎರಡು ಗೇಟುಗಳ ನಡುವೆ ಸರಿಯಾಗಿ ಮುಗಿಯಬೇಕು, ಅಷ್ಟೇ ವೇಗ. ಬಾಣಂತಿ ಇರುವ ಮನೆ ಬಂದರೆ ತಾನೇ ಕೈ ಹಿಂದೆ ಚಾಚಿ ವಾಲ್ಯೂಮ್ ತಗ್ಗಿಸುತ್ತಿದ್ದ. ಮಗಳು ಮುಬೀನಾ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಅಪ್ಪನ ಆಟೋದಲ್ಲೇ ಬಂದು ನಮ್ಮ ಬಡಾವಣೆಯ ಹೆಂಗಸರಿಂದ ಸೀರೆ ತೆಗೆದುಕೊಂಡು ಹೋಗಿ, ವಾರಕ್ಕೆ ತಂದುಕೊಡುತ್ತಿದ್ದಳು. ಆ ಮನೆಯ ಒಲೆ ಅರ್ಧ ಉರಿಯುತ್ತಿದ್ದುದು ಅವಳ ಬೆರಳುಗಳಿಂದ. ಚಿಕ್ಕಣ್ಣನನ್ನು ದೊಡ್ಡಪ್ಪ ಎನ್ನುತ್ತಿದ್ದಳು.

ಹೀಗಿರುವಾಗ ಕಳೆದ ವರ್ಷ ಯೋಗೇಂದ್ರ ಎಂಬ ಯುವಕ ನಮ್ಮಲ್ಲಿ ನೆರೆಹೊರೆ ಜಾಗೃತಿ ವೇದಿಕೆ ಎಂದು ಒಂದು ಸಂಘ ಕಟ್ಟಿದ. ಇಸ್ತ್ರಿ ಮುರಿಯದ ಶರ್ಟು, ಹಿರಿಯರು ಕಂಡರೆ ಕಾಲು ಮುಟ್ಟುವ ಹುಡುಗ. ಗದರಿದ ದನಿಯಲ್ಲಿ ಅವನು ಮಾತಾಡಿದ್ದನ್ನು ನಾನು ಕೇಳಿಲ್ಲ. ಮೊದಲು ಪಾರ್ಕಿನ ಕಸ ತೆಗೆಸಿದ, ಬೀದಿ ದೀಪ ಹಾಕಿಸಿದ. ನಾವು ಮೆಚ್ಚಿಕೊಂಡೆವು. ಆಮೇಲೆ ಚಿಕ್ಕಣ್ಣನನ್ನು ಕರೆಸಿ, ಅಂಗಡಿಯ ಮೇಲಿನ ತನ್ನ ಕೋಣೆಯಲ್ಲಿ ಕೂರಿಸಿ, ಕಾಫಿ ತರಿಸಿ, ಒಂದು ಚೀಟಿ ಕೊಟ್ಟ. ಪ್ಯಾರೇಜಾನ್ ಕೆಳಗೆ ಆಟೋದಲ್ಲಿ ಕಾಯುತ್ತಿದ್ದ.

ಚೀಟಿಯಲ್ಲಿ ಇದ್ದದ್ದು ಇಷ್ಟು:

‘ಬಂಧುಗಳೇ, ಎಚ್ಚರ. ಗಂಡಸರು ಕೆಲಸಕ್ಕೆ ಹೋದ ಮೇಲೆ ನಿಮ್ಮ ಬಾಗಿಲಿಗೆ ಬರುವವರು ಯಾರು? ಯಾವ ಮೊಹಲ್ಲಾದವರು? ಯಾರ ಕಡೆಯವರು? ನಾವು ಯಾರನ್ನೂ ದೂರುವುದಿಲ್ಲ. ಕೇಳಿ, ತಿಳಿಯಿರಿ, ಆಮೇಲೆ ಬಾಗಿಲು ತೆರೆಯಿರಿ. ನಮ್ಮ ಮನೆ, ನಮ್ಮ ಎಚ್ಚರ.’

ಇದರಲ್ಲಿ ಒಂದು ಕೆಟ್ಟ ಮಾತು ಹುಡುಕಿ ನೋಡಿ, ಸಿಕ್ಕುವುದಿಲ್ಲ. ಒಬ್ಬರ ಹೆಸರಿಲ್ಲ, ಒಂದು ಬೈಗುಳವಿಲ್ಲ. ಮೂರು ಪ್ರಶ್ನೆ, ಅಷ್ಟೇ. ಪ್ರಶ್ನೆ ಕೇಳುವುದು ಒಳ್ಳೆಯದೆಂದು ನಾನೇ ಮಕ್ಕಳಿಗೆ ಮೂವತ್ತೊಂದು ವರ್ಷ ಹೇಳಿದ್ದೇನೆ.

ಚಿಕ್ಕಣ್ಣ ಎಂದಿನಂತೆ ಪೆನ್ಸಿಲ್ ತೆಗೆದ. ಓದಿದ. ತಲೆಯಾಡಿಸಿದ. “ಸ್ವಾಮಿ, ಈ ‘ಯಾರು’ ಆದ್ಮೇಲೆ ಓಡಿಸ್ಬಾರ್ದು. ಅಲ್ಲಿ ಅರ್ಧ ಉಸಿರು ಬುಡ್ಬೇಕು. ಸಾವಿನ ಸುದ್ದಿಗೆ ಹೆಸರಾದ್ಮೇಲೆ ಬುಡ್ತೀನಲ್ಲ, ಅಂಗೆ. ಆಗ ಕೇಳೋರು ಕೈಯಲ್ಲಿರೋ ಕೆಲಸ ನಿಲ್ಲಿಸ್ತಾರೆ.”

ಯೋಗೇಂದ್ರನಿಗೆ ಇದು ಹೊಳೆದಿರಲಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ. “ಬರುವವರು ಯಾರು?...” ಎಂದು ಚಿಕ್ಕಣ್ಣ ಉಸಿರು ಹಿಡಿದಾಗ ಯೋಗೇಂದ್ರನೇ ತಿರುಗಿ ಬಾಗಿಲ ಕಡೆ ನೋಡಿದನಂತೆ. ಎದ್ದು ಚಿಕ್ಕಣ್ಣನ ಕಾಲು ಮುಟ್ಟಿದನಂತೆ. ಹೊಗಳಿಕೆಗೆ ಉಬ್ಬದವರು ಯಾರಿದ್ದಾರೆ? ಇದನ್ನೆಲ್ಲ ನನಗೆ ಚಿಕ್ಕಣ್ಣನೇ ಹೇಳಿದ್ದು, ಮೊದಲ ಸಲ ಹೆಮ್ಮೆಯಿಂದ, ಎರಡನೆಯ ಸಲ ತಲೆ ತಗ್ಗಿಸಿ.

ಮರುದಿನದಿಂದ ಪ್ರಚಾರ ಶುರು. ರೆಕಾರ್ಡು ತಾನೇ ತಿರುಗುತ್ತದೆ. ಚಿಕ್ಕಣ್ಣ ಹಿಂದೆ ಕೂತು ಎಲೆಯಡಿಕೆ ಹಾಕಿಕೊಂಡ. ಪ್ಯಾರೇಜಾನ್ ಒಪ್ಪಿಕೊಂಡ ಕೆಲಸವೆಂದು, ನಿಮ್ಮ ಬಾಗಿಲಿಗೆ ಬರುವವರು ಯಾವ ಮೊಹಲ್ಲಾದವರು ಎಂಬ ಪ್ರಶ್ನೆಯನ್ನು ಗೇಟಿಂದ ಗೇಟಿಗೆ, ವಾಕ್ಯ ತಪ್ಪದ ಹಾಗೆ, ನಿಧಾನವಾಗಿ ಓಡಿಸಿಕೊಂಡು ಬಂದ. ಬಾಣಂತಿ ಮನೆಯ ಮುಂದೆ ವಾಲ್ಯೂಮ್ ತಗ್ಗಿಸಿದ. ಸಾಯಂಕಾಲ ಆಟೋ ನಿಲ್ಲಿಸಿ ಅವನು ಹೇಳಿದ್ದು ಒಂದೇ ಮಾತು.

“ಅಣ್ಣಾ, ‘ಯಾರು’ ಆದ್ಮೇಲೆ ಒಂದು ಗ್ಯಾಪ್ ಬಿಟ್ಟಿದೀಯಲ್ಲ. ಚೆನ್ನಾಗೈತೆ.”

“ಐತಲ್ವಾ?” ಎಂದು ಚಿಕ್ಕಣ್ಣ ಸಂತೋಷಪಟ್ಟ.

ಐದನೆಯ ದಿನ ಮೂರನೇ ಕ್ರಾಸಿನಲ್ಲಿ ಒಂದು ಮನೆಯ ಯಜಮಾನರು ಆಟೋಗೆ ಅಡ್ಡ ನಿಂತರು. ಜಾಗೃತರಾಗಿದ್ದರು. “ಏನಯ್ಯ, ಯಾರು ನೀನು? ಯಾವ ಮೊಹಲ್ಲಾ?” ಎಂದು ಡ್ರೈವರನ್ನು ಕೇಳಿದರು. ತಲೆಯ ಮೇಲಿನ ಸ್ಪೀಕರು ಅದನ್ನೇ ಕೇಳುತ್ತಿತ್ತು. ಪ್ಯಾರೇಜಾನ್ ಮೇಲೆ ಕೈ ತೋರಿಸಿ, “ನಾನೂ ಅದನ್ನೇ ಕೇಳ್ಕೊಂಡು ಬರ್ತಿದೀನಿ ಸಾರ್, ಐದು ದಿನದಿಂದ” ಎಂದ. ಚಿಕ್ಕಣ್ಣನ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನು ತನ್ನ ದನಿಯ ಅರ್ಥ ಕೇಳಿಸಿಕೊಂಡ.

ಮನೆಗೆ ಹೋದರೆ ಹೆಂಡತಿ ದೇವಿರಮ್ಮ ತಟ್ಟೆ ಇಡಲಿಲ್ಲ.

“ಮುಬೀನಾ ಬಂದಿದ್ಲು,” ಎಂದಳು. “ನಿಮ್ಮ ಶ್ರೀರಾಂಪುರದೋರು ಹನ್ನೊಂದು ಸೀರೆ ವಾಪಸ್ ತರಿಸ್ಕೊಂಡವ್ರೆ. ಅರ್ಧ ಕುಚ್ಚು ಕಟ್ಟಿದ್ದನ್ನೂ ಬುಟ್ಟಿಲ್ಲ. ಯಾಕಮ್ಮ ಅಂತ ಕೇಳಿದ್ರೆ, ಚಿಕ್ಕಣ್ಣೋರೇ ಹೇಳವ್ರಲ್ಲ ಅಂದ್ರಂತೆ. ಆ ಮಗು ಬಂದು ನನ್ನ ಕೇಳ್ತದೆ, ದೊಡ್ಡಮ್ಮ, ದೊಡ್ಡಪ್ಪ ನನ್ನ ವಿಷ್ಯ ಏನಂತ ಹೇಳಿದ್ರು ಅಂತ. ಏನು ಹೇಳ್ಲಿ ನಾನು?”

“ನಾನು ಯಾರ ಹೆಸರೂ ಏಳ್ನಿಲ್ಲ ಕಣಮ್ಮಿ...”

“ಹೆಸರು ಹೇಳಿ ಬಯ್ದಿದ್ರೆ ಆ ಮಗು ಎದುರಿಗೆ ನಿಂತು ಜಗಳನಾದ್ರೂ ಆಡ್ತಿತ್ತು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಚಿಕ್ಕಣ್ಣ ಬೆಳಿಗ್ಗೆಯೇ ಯೋಗೇಂದ್ರನ ಕೋಣೆಗೆ ಹೋಗಿ, ಪ್ರಚಾರ ನಿಲ್ಲಿಸುತ್ತೇನೆ, ಇದು ಪ್ಯಾರೇಜಾನ್ ಕಡೆಯವರಿಗೆ ತಗುಲುತ್ತಿದೆ ಎಂದ. ಯೋಗೇಂದ್ರ ನಗುತ್ತಲೇ ಕಾಫಿ ತರಿಸಿದ.

“ಚಿಕ್ಕಣ್ಣೋರೆ, ನಾವು ಯಾರ ಹೆಸರು ಹೇಳಿದೀವಿ? ಬರೀ ಕೇಳಿ ಅಂದಿದೀವಿ. ಅವರ ಹೆಸರು ನಿಮ್ಮ ತಲೆಗೆ ತಾನೇ ಬಂದ್ರೆ ಅದು ನಮ್ಮ ತಪ್ಪಾ? ಕುಂಬಳಕಾಯಿ ಕಳ್ಳ ಅಂದ್ರೆ ಅವರ್ಯಾಕೆ ಹೆಗಲು ಮುಟ್ಕೋತಾರೆ?” ಆಮೇಲೆ ಬಹಳ ಮರ್ಯಾದೆಯಿಂದ ಸೇರಿಸಿದ. “ಇನ್ನು ಆಟೋನೂ ಬೇಡ ಬಿಡಿ. ರೆಕಾರ್ಡು ಎಲ್ಲರ ಮೊಬೈಲಿಗೂ ಹೋಗಿದೆ. ವಿಜಯನಗರದಿಂದಲೂ ಕೇಳ್ತಿದಾರೆ, ನಿಮ್ಮ ದನೀಲೇ ಬೇಕಂತೆ.”

ಚಿಕ್ಕಣ್ಣ ಕಾಫಿ ಕುಡಿಯದೆ ಎದ್ದು ಬಂದ. ಅವನ ಜೀವಮಾನದಲ್ಲಿ ಅದು ದೊಡ್ಡ ಪ್ರತಿಭಟನೆ.

ಆ ಭಾನುವಾರ ಅವನು ಯಾರ ಚೀಟಿಯೂ ಇಲ್ಲದೆ ಆಟೋ ಹತ್ತಿದ. ಪ್ಯಾರೇಜಾನ್, “ಬೇಡ ಅಣ್ಣಾ, ಸುಮ್ಮನಿದ್ರೆ ತಾನಾಗೇ ಮರೀತಾರೆ” ಎಂದರೂ ಕೇಳಲಿಲ್ಲ. ಮೊದಲ ಸಲ ತನ್ನದೇ ಮಾತನ್ನು ಮೈಕಿಗೆ ಹೇಳಿದ. ಪೆನ್ಸಿಲ್ ಗೆರೆ ಇರಲಿಲ್ಲವಾದ್ದರಿಂದ ಎಲ್ಲೆಲ್ಲೋ ಉಸಿರು ತೆಗೆದುಕೊಂಡ, ನಡುವೆ ಕೆಮ್ಮಿದ.

“ತಾಯಂದಿರೇ, ನಾನು ಚಿಕ್ಕಣ್ಣ. ಮೊನ್ನೆ ನಾನು ಹೇಳಿದ್ದು ಸರಿ ಇರ್ನಿಲ್ಲ. ನಿಮ್ಮ ಬಾಗಿಲಿಗೆ ಬರೋರು ಯಾರು ಅಂತ ನಿಮಗೇ ಗೊತ್ತು. ನಮ್ಮ ಪ್ಯಾರೇಜಾನ್ ಮಗಳು ಬರೋದು. ನೀವು ನೋಡ್ತಾ ನೋಡ್ತಾ ಬೆಳೆದ ಮಗು. ದಯವಿಟ್ಟು ಮಗೀನ ಕೆಲಸ ಕಿತ್ಕೋಬೇಡಿ.”

ನಾನು ಬಾಲ್ಕನಿಯಲ್ಲಿ ನಿಂತು ಕೇಳಿದೆ. ಕೆಳಗಿಳಿದು ಹೋಗಿ ಅವನ ಪಕ್ಕ ನಿಲ್ಲಬೇಕು ಅನ್ನಿಸಿತು. ಬಾಲ್ಕನಿಯಿಂದಲೇ ಜೋರಾಗಿ ತಲೆಯಾಡಿಸಿದೆ.

ಆಟೋ ಇನ್ನೂ ನಾಲ್ಕನೇ ಕ್ರಾಸು ದಾಟಿರಲಿಲ್ಲ, ಬಡಾವಣೆಯ ಮೊಬೈಲುಗಳಿಗೆ ಸಂದೇಶ ಬಂತು: ‘ಎಚ್ಚರ! ನಮ್ಮ ಚಿಕ್ಕಣ್ಣನವರ ದನಿಯನ್ನು ಕಂಪ್ಯೂಟರಿನಲ್ಲಿ ನಕಲು ಮಾಡಿ ಸುಳ್ಳು ಪ್ರಚಾರ ನಡೆಯುತ್ತಿದೆ. ಮೋಸ ಹೋಗಬೇಡಿ.’ ಜನ ಮೊಬೈಲು ನೋಡಿದರು, ಆಟೋ ನೋಡಿದರು. ಆಟೋದಲ್ಲಿ ಚಿಕ್ಕಣ್ಣ ಮೈಕು ಹಿಡಿದು ಬಾಯಿ ಆಡಿಸುತ್ತಿದ್ದುದು ಕಾಣುತ್ತಿತ್ತು. “ನೋಡ್ರೀ, ಚಿಕ್ಕಣ್ಣ ಎಲ್ಲಾದ್ರೂ ಕೆಮ್ತಾನಾ? ನಕಲಿ ಕಣ್ರೀ” ಎಂದು ಪಕ್ಕದ ಮನೆಯವರು ತೀರ್ಪು ಕೊಟ್ಟರು. ಹಳೆಯ ರೆಕಾರ್ಡು, ಪಾಪ, ಒಂದು ಸಲವೂ ಕೆಮ್ಮಿರಲಿಲ್ಲ.

ಲಿಂಗಯ್ಯ ಒಬ್ಬರೇ ಆಟೋ ನಿಲ್ಲಿಸಿ ಚಿಕ್ಕಣ್ಣನ ಭುಜ ಮುಟ್ಟಿದರು. “ನಾನೂ ಮೊಹಲ್ಲಾದವನೇ ಕಣಯ್ಯ, ಹುಟ್ಟಿದ್ದು ಕೃಷ್ಣರಾಜ ಮೊಹಲ್ಲಾದಲ್ಲಿ, ನನ್ನ ಯಾರೂ ಕೇಳ್ಲಿಲ್ಲ. ಬದುಕಿದೀನಿ ಅಂತ ನಂಬಿಸೋಕೆ ನಂಗೆ ಮೂರು ದಿನ ಬೇಕಾಯ್ತು. ಅದೂ ನಾನು ಎದುರಿಗೆ ಕೂತಿದ್ದಾಗ. ಇದಕ್ಕೆ ಎಷ್ಟು ದಿನ ಬೇಕೋ.”

ಪ್ಯಾರೇಜಾನ್ ಆಮೇಲೆ ಬಡಾವಣೆಯೊಳಗೆ ಆಟೋ ತರಲಿಲ್ಲ. ಮುಖ್ಯರಸ್ತೆಯ ಮರದ ಕೆಳಗೆ ನಿಲ್ಲಿಸಿಕೊಳ್ಳುತ್ತಿದ್ದ. ಮುಬೀನಾಳ ಹತ್ತಿರ ಇನ್ನು ಉಳಿದದ್ದು ಆರು ಸೀರೆ. ಅದರಲ್ಲಿ ಒಂದು ಮಾಲಾಳದು, ನೇರಳೆ ಬಣ್ಣದ ಮೈಸೂರು ರೇಷ್ಮೆ. ನಾವು ಉಳಿದವರ ಹಾಗೆ ವಾಪಸ್ ತರಿಸಿಕೊಳ್ಳುವ ಸಣ್ಣ ಜನ ಅಲ್ಲ. “ಆತುರ ಇಲ್ಲಮ್ಮ, ನಿಧಾನಕ್ಕೆ ಕಟ್ಟು. ಈಗ ಮಾತ್ರ ಈ ಕಡೆ ಬರ್ಬೇಡ, ಜನ ಏನಾದ್ರೂ ಅಂದಾರು. ನಾವೇ ಬಂದು ತಗೋತೀವಿ” ಎಂದು ಮಾಲಾ ಫೋನಿನಲ್ಲಿ ಪ್ರೀತಿಯಿಂದಲೇ ಹೇಳಿದ್ದಳು. ಹೇಳಿ ತಿಂಗಳಾಗಿತ್ತು. ನಾವು ಹೋಗಿರಲಿಲ್ಲ.

ಆರೂ ಸೀರೆಯ ಕುಚ್ಚು ಮುಗಿಯಿತು. ಕೊಟ್ಟುಬರುವವರು ಯಾರು? ಚಿಕ್ಕಣ್ಣ, “ಕೊಡವ್ವ ಇಲ್ಲಿ” ಎಂದು ಚೀಲ ತೆಗೆದುಕೊಂಡನಂತೆ. ಕೊಟ್ಟ ಮನೆಯಲ್ಲಿ ಕುಚ್ಚು ತೋರಿಸಿ, ಇನ್ನೊಂದು ಸೀರೆ ಕೇಳಿ ತರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟನಂತೆ. ಒಂದು ಮನೆಯವರು ಒಂದು ಸೀರೆ ಕೊಟ್ಟರೂ ಸಾಕು, ನಾಳೆ ಅವಳು ಮತ್ತೆ ಬೀದಿಗೆ ಬರಬಹುದು. ಮೈಕಿಲ್ಲ, ಆಟೋ ಇಲ್ಲ, ಕಂಕುಳಲ್ಲಿ ಚೀಲ. ಮನೆಮನೆಗೆ ನಡೆದು ಹೋದ.

ಅಲ್ಲಿ ಒಂದು ತೊಂದರೆಯಾಯಿತು. ನಮ್ಮ ಬಡಾವಣೆಯ ಹೆಂಗಸರು ಇಪ್ಪತ್ತಾರು ವರ್ಷದಿಂದ ಅವನ ದನಿಯನ್ನು ಅಡುಗೆಮನೆಯಿಂದಲೇ ಕೇಳಿದವರು. ಆ ಸಣಕಲು ಶರೀರವನ್ನು ಗೇಟಿನಲ್ಲಿ ಅವರಾರೂ ಸರಿಯಾಗಿ ನೋಡಿರಲಿಲ್ಲ. ಮೈಕಿಲ್ಲದ ದನಿಯೂ ಗುಬ್ಬಚ್ಚಿಯದಷ್ಟೇ ಇತ್ತು. “ನಾನು ಚಿಕ್ಕಣ್ಣ” ಎಂದರೆ, “ಚಿಕ್ಕಣ್ಣೋರ ಹೆಸರು ಹೇಳ್ಕೊಂಡು ಬರ್ತಾರೆ ಅಂತ ಮೆಸೇಜ್ ಬಂದಿದೆ” ಎಂದು ಐದು ಮನೆಯಲ್ಲಿ ಸೀರೆ ಕಿತ್ತುಕೊಂಡು ಬಾಗಿಲು ಹಾಕಿದರು.

ಆರನೆಯದು ನಮ್ಮ ಮನೆ.

ಬೆಳಗಿನ ಹತ್ತು ಗಂಟೆ. ನಾನು ಸ್ನಾನ ಮುಗಿಸಿ, ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದೆ. ಗೇಟಿನ ಸದ್ದಾಯಿತು. ಮಾಲಾ ಬಾಗಿಲ ಹತ್ತಿರ ಹೋಗಿ, ಚಿಲಕದ ಮೇಲೆ ಕೈಯಿಟ್ಟು, ತೆಗೆಯದೆ ಕೇಳಿದಳು.

“ಯಾರು?...”

ಅರ್ಧ ಉಸಿರು ಬಿಟ್ಟಳು. ಹೆಚ್ಚಿಲ್ಲ, ಕಡಿಮೆಯಿಲ್ಲ.

“ಯಾವ ಮೊಹಲ್ಲಾ? ಯಾರ ಕಡೆಯವರು?”

ಅವಳಿಗೆ ತಾನು ಹಾಗೆ ಕೇಳಿದ್ದು ಗೊತ್ತೂ ಆಗಲಿಲ್ಲ. ಹೊರಗೆ ಆ ಗೆರೆಯನ್ನು ಎಳೆದವನು ಅದನ್ನು ಕೇಳಿಸಿಕೊಳ್ಳುತ್ತಿದ್ದ ಎಂದು ಕಾಣುತ್ತದೆ. ಆಮೇಲೆ ಸಣ್ಣ ದನಿ ಬಂತು.

“ಪ್ಯಾರೇಜಾನ್ ಕಡೆಯವನು ಕಣವ್ವ. ಸೀರೆ ತಂದಿದೀನಿ. ಮೇಷ್ಟ್ರು ಇದ್ರೆ ಒಂದು ಮಾತು ಹೇಳ್ಬೇಕಿತ್ತು.”

ಮಾಲಾಗೆ ಗುರುತು ಸಿಗಲಿಲ್ಲ. ನನಗೆ ಸಿಕ್ಕಿತು. ಗೇಟಿನಲ್ಲಿ ನಿಂತು ಅವನ ಜೊತೆ ಎಷ್ಟೋ ಸಲ ಹರಟಿದವನು ನಾನು. ಪಕ್ಕದ ಮನೆಯವರು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಮಾಲಾ ನನ್ನ ಕಡೆ ತಿರುಗಿ, “ಅವರ ಕಡೆಯವರಂತೆ ರೀ, ಏನು ಹೇಳ್ಲಿ?” ಎಂದು ಪಿಸುಗುಟ್ಟಿದಳು. ಸಮಾನತೆ, ಭ್ರಾತೃತ್ವ ಎರಡೂ ಎಂಟೆಂಟು ಸಾಲು ನನ್ನ ನಾಲಿಗೆಯ ತುದಿಯಲ್ಲಿದ್ದವು.

“ಸ್ನಾನಕ್ಕೆ ಹೋಗಿದಾರೆ ಅನ್ನು,” ಎಂದೆ.

ಮಾಲಾ ಅಂದಳು. ಹೊರಗೆ, “ಆಗ್ಲಿ ಕಣವ್ವ” ಎಂದದ್ದು ಕೇಳಿಸಿತು. ಸೀರೆಯ ಕವರನ್ನು ಗೇಟಿನ ಮೇಲಿಟ್ಟು ಅವನು ತಿರುಗಿದ. ಕವರಿನಿಂದ ಸೆರಗಿನ ತುದಿ ಇಣುಕುತ್ತಿತ್ತು. ಕುಚ್ಚು ಒಂದೊಂದೂ ಒಂದೇ ಅಳತೆ, ಒಂದು ದಾರ ಹೆಚ್ಚುಕಡಿಮೆ ಇಲ್ಲ. ಎದುರು ಮನೆಯ ಜಗಲಿಯಿಂದ ಲಿಂಗಯ್ಯ ಕೂಗಿ ಕೇಳಿದರು.

“ಏನು ಚಿಕ್ಕಣ್ಣ, ಮೇಷ್ಟ್ರು ಸಿಕ್ಕಿದ್ರಾ?”

“ಸ್ನಾನಕ್ಕೋಗವ್ರಂತೆ ಸ್ವಾಮಿ,” ಎಂದ ಚಿಕ್ಕಣ್ಣ, ನಾವು ಹೇಳಿಕಳಿಸಿದ ಮಾತನ್ನು ಹೇಳಿದ ಹಾಗೆಯೇ.

ಲಿಂಗಯ್ಯ ಕಿಟಕಿಯಲ್ಲಿ ಪೇಪರ್ ಹಿಡಿದು ಕೂತಿದ್ದ ನನ್ನನ್ನೇ ನೋಡುತ್ತಿದ್ದರು. “ಹೌದಾ? ನೀನು ಹೇಳಿದ ಮೇಲೆ ಹೌದು ಬಿಡಪ್ಪ” ಎಂದರು.

ಚಿಕ್ಕಣ್ಣ ಖಾಲಿ ಚೀಲ ಮಡಚಿಕೊಂಡು ಮುಖ್ಯರಸ್ತೆಯ ಮರದ ಕಡೆ ನಡೆದ. ಅಲ್ಲಿ ಪ್ಯಾರೇಜಾನ್ ಕಾಯುತ್ತಿದ್ದ. ನಾನು ಪೇಪರ್ ಇಟ್ಟು, ಎದ್ದು ಹೋಗಿ, ಎರಡನೆಯ ಸಲ ಸ್ನಾನ ಮಾಡಿದೆ.